ದೀಪವನ್ನು ‘ತೆರೆಯುವವರು’: ಚೀನೀ ಭಾಷಿಕರ ಇಂಗ್ಲಿಷಿನಲ್ಲಿ ‘ಓಪನ್’ ಪದದ ಚರಿತ್ರೆ

ಚೀನೀ ಭಾಷಿಕರ ಇಂಗ್ಲಿಷಿನ ದೋಷಗಳನ್ನು ಪಟ್ಟಿ ಮಾಡುವ ಕೈಪಿಡಿಗಳಲ್ಲಿ ‘ಓಪನ್ ದ ಲೈಟ್’ ಎಂಬ ವಾಕ್ಯಕ್ಕೆ ಖಾಯಂ ಸ್ಥಾನವಿದೆ. ಅದರ ಹಿಂದೆಯೇ ‘ಓಪನ್ ದ ಟಿವಿ’, ‘ಕ್ಲೋಸ್ ದ ಲೈಟ್’ ಎಂಬವೂ ಬರುತ್ತವೆ. ಕೈಪಿಡಿಗಳು ಕೊಡುವ ವಿವರಣೆ ಒಂದೇ ಸಾಲಿನದು: ಚೀನೀಯಲ್ಲಿ ಬಾಗಿಲು ತೆರೆಯುವುದಕ್ಕೂ ದೀಪ ಹೊತ್ತಿಸುವುದಕ್ಕೂ ಒಂದೇ ಕ್ರಿಯಾಪದವಿದೆ, ಕಲಿಕಾರ್ಥಿ ಅದನ್ನು ಇಂಗ್ಲಿಷಿಗೆ ಹೊತ್ತು ತರುತ್ತಾನೆ. ಈ ವಿವರಣೆ ಸುಳ್ಳಲ್ಲ. ಆದರೆ ಅದು ಆ ಚೀನೀ ಕ್ರಿಯಾಪದಕ್ಕೆ ಕಾಲವೇ ಇಲ್ಲವೆಂಬಂತೆ, ಚೀನೀ ಎಂಬುದು ಒಂದೇ ಭಾಷೆಯೆಂಬಂತೆ ವರ್ತಿಸುತ್ತದೆ. ಈ ‘ತಪ್ಪಿ’ಗೆ ಒಂದು ಚರಿತ್ರೆಯಿದೆ, ಆ ಚರಿತ್ರೆಯನ್ನು ಬಿಟ್ಟು ಅದನ್ನು ಮಾತೃಭಾಷೆಯ ಪ್ರಭಾವವೆಂದು ಕರೆಯುವುದು ಅವಸರದ ತೀರ್ಮಾನ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ತೋರಿಸಲು ಪ್ರಯತ್ನಿಸುತ್ತೇವೆ.

ಲಿಪ್ಯಂತರದ ಬಗ್ಗೆ ಒಂದು ಮಾತು. ಪಿನ್‌ಯಿನ್ ಬರವಣಿಗೆಯಲ್ಲಿ ‘ಕೆ’ ಎಂಬ ರೋಮನ್ ಅಕ್ಷರ ಸೂಚಿಸುವುದು ಮಹಾಪ್ರಾಣ ಧ್ವನಿಯನ್ನು, ‘ಜಿ’ ಎಂಬುದು ಅಲ್ಪಪ್ರಾಣ ಅಘೋಷ ಧ್ವನಿಯನ್ನು. ಇಂಗ್ಲಿಷ್ ಓದುಗರನ್ನು ದಾರಿ ತಪ್ಪಿಸುವ ಈ ವ್ಯವಸ್ಥೆಯನ್ನು ಕನ್ನಡ ಲಿಪಿ ತೊಡಕಿಲ್ಲದೆ ದಾಖಲಿಸಬಲ್ಲದು. ಆದ್ದರಿಂದ ತೆರೆಯುವ ಕ್ರಿಯಾಪದವನ್ನು ‘ಖಾಯ್’ ಎಂದೂ ಮುಚ್ಚುವ ಕ್ರಿಯಾಪದವನ್ನು ‘ಕ್ವಾನ್’ ಎಂದೂ ಬರೆಯುತ್ತೇವೆ. ಸ್ವರಸ್ತರಗಳನ್ನು ಗುರುತಿಸಿಲ್ಲ. ಊರುಗಳ ಹೆಸರುಗಳನ್ನು ಮಾತ್ರ ರೂಢಿಯಲ್ಲಿರುವಂತೆ ಉಳಿಸಿಕೊಂಡಿದ್ದೇವೆ.

ಇಂದಿನ ಮ್ಯಾಂಡರಿನ್‌ನಲ್ಲಿ ‘ಖಾಯ್’ ಪದದ ಅರ್ಥವ್ಯಾಪ್ತಿ ಬೆರಗು ಹುಟ್ಟಿಸುವಷ್ಟು ವಿಶಾಲವಾದದ್ದು. ಬಾಗಿಲು, ಕಿಟಕಿ, ಪೆಟ್ಟಿಗೆಗಳನ್ನು ‘ಖಾಯ್’ ಮಾಡುತ್ತಾರೆ. ಕಾರು, ವಿಮಾನ, ಹಡಗುಗಳನ್ನು ‘ಖಾಯ್’ ಮಾಡಿದರೆ ನಡೆಸುವುದು ಎಂದಾಗುತ್ತದೆ. ಸಭೆಯನ್ನು ‘ಖಾಯ್’ ಮಾಡುವುದೆಂದರೆ ನಡೆಸುವುದು, ಉದ್ಘಾಟಿಸುವುದಷ್ಟೇ ಅಲ್ಲ. ವೈದ್ಯರು ಔಷಧ ಚೀಟಿಯನ್ನು, ವ್ಯಾಪಾರಿ ಚೆಕ್ಕನ್ನು, ಸೈನಿಕ ಬಂದೂಕನ್ನು ‘ಖಾಯ್’ ಮಾಡುತ್ತಾರೆ. ಹೂವು ‘ಖಾಯ್’ ಆದರೆ ಅರಳಿತೆಂದು, ನೀರು ‘ಖಾಯ್’ ಆದರೆ ಕುದಿಯಿತೆಂದು ಅರ್ಥ. ಕುದಿಸಿದ ನೀರಿಗೆ ‘ಖಾಯ್ ಷ್ವೆಯ್’ ಎಂಬ ಹೆಸರೇ ಇದೆ. ಮನಸ್ಸು ‘ಖಾಯ್’ ಆದರೆ ಸಂತೋಷ. ಇವುಗಳ ನಡುವೆ ಹಬ್ಬಿರುವುದು ಒಂದೇ ಎಳೆ: ತಡೆದು ನಿಂತಿದ್ದದ್ದು ಬಿಡುಗಡೆಗೊಂಡು ನಡೆಯತೊಡಗುವುದು. ಇಂಗ್ಲಿಷಿನ ‘ಓಪನ್’ ಸಹ ಅಂಗಡಿ, ಸಭೆ, ಬ್ಯಾಂಕ್ ಖಾತೆ, ಗುಂಡಿನ ದಾಳಿ ಮುಂತಾದವುಗಳಿಗೆ ಚಾಚಿಕೊಂಡಿದೆ. ಎರಡೂ ಪದಗಳು ಒಂದೇ ದಿಕ್ಕಿನಲ್ಲಿ ಬೆಳೆದಿವೆ. ಒಂದು ಇನ್ನೊಂದಕ್ಕಿಂತ ದೂರ ಹೋಗಿದೆ, ಅಷ್ಟೆ.

ಆದರೆ ಈ ಕ್ರಿಯಾಪದ ಚೀನೀಯಲ್ಲಿ ಎಂದೂ ಇದೇ ಪ್ರಾಶಸ್ತ್ಯವನ್ನು ಪಡೆದಿತ್ತೆಂದು ಭಾವಿಸುವಂತಿಲ್ಲ. ಪ್ರಾಚೀನ ಗ್ರಂಥಗಳಲ್ಲಿ ತೆರೆಯುವ ಕ್ರಿಯೆಗೆ ‘ಛಿ’ ಎಂಬ ಇನ್ನೊಂದು ಪದ ಹೇರಳವಾಗಿ ಬಳಕೆಯಲ್ಲಿತ್ತು. ಕ್ರಿ.ಪೂ. 157ರಲ್ಲಿ ಸಿಂಹಾಸನವೇರಿದ ಹಾನ್ ವಂಶದ ಚಿಂಗ್ ಚಕ್ರವರ್ತಿಯ ಸ್ವಂತ ಹೆಸರು ಲ್ಯೂ ಛಿ. ಆಳುವ ಅರಸನ ಹೆಸರನ್ನು ಉಚ್ಚರಿಸಬಾರದು, ಬರೆಯಲೂಬಾರದು ಎಂಬ ನಿಷೇಧದಿಂದಾಗಿ ಲಿಪಿಕಾರರು ‘ಛಿ’ ಇದ್ದೆಡೆ ‘ಖಾಯ್’ ಬರೆಯತೊಡಗಿದರು. ಸಿಮಾ ಛ್ಯೆನ್‌ನ ಇತಿಹಾಸ ಗ್ರಂಥದಲ್ಲಿ ಶಾಂಗ್ ರಾಜಮನೆತನದ ವೆಯ್‌ಝ ಛಿ ಎಂಬ ಪ್ರಾಚೀನ ಪುರುಷ ವೆಯ್‌ಝ ಖಾಯ್ ಆಗಿ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ಸತ್ತು ಸಾವಿರ ವರ್ಷ ಸಂದವನ ಹೆಸರನ್ನೂ ಆ ನಿಷೇಧ ಬಿಡಲಿಲ್ಲ.

ಇದಕ್ಕೆ ಪುರಾವೆ ನೆಲದಡಿಯಿಂದಲೇ ದೊರೆತಿದೆ. 1973ರಲ್ಲಿ ಚಾಂಗ್‌ಷಾ ನಗರದ ಬಳಿಯ ಮಾವಾಂಗ್‌ತುಯ್‌ನ ಸಮಾಧಿಯೊಂದರಲ್ಲಿ ರೇಷ್ಮೆಯ ಮೇಲೆ ಬರೆದ ಲಾವೊತ್ಸೆ ಗ್ರಂಥದ ಎರಡು ಪ್ರತಿಗಳು ಸಿಕ್ಕವು. ಆ ಸಮಾಧಿಯನ್ನು ಮುಚ್ಚಿದ್ದು ಕ್ರಿ.ಪೂ. 168ರಲ್ಲಿ, ಅಂದರೆ ಚಿಂಗ್ ಚಕ್ರವರ್ತಿ ಪಟ್ಟಕ್ಕೆ ಬರುವುದಕ್ಕೆ ಹನ್ನೊಂದು ವರ್ಷ ಮೊದಲು. ಪರಂಪರಾಗತ ಪಾಠದಲ್ಲಿ ‘ಖಾಯ್’ ಇರುವ ಸ್ಥಳಗಳಲ್ಲಿ ಆ ರೇಷ್ಮೆ ಪಾಠ ‘ಛಿ’ಯನ್ನು ಇಟ್ಟುಕೊಂಡಿದೆ. ಪಂಚಾಂಗದಲ್ಲೂ ಇದೇ ಕುರುಹು ಉಂಟು. ಚಳಿಗಾಲದ ನಿದ್ದೆಯಿಂದ ಕ್ರಿಮಿಕೀಟಗಳು ಹೊರಬರುವ ಮಾರ್ಚ್ ಮೊದಲ ವಾರದ ಪರ್ವಕ್ಕೆ ಮೊದಲಿದ್ದ ಹೆಸರಿನಲ್ಲಿ ‘ಛಿ’ ಇತ್ತು. ನಿಷೇಧದ ಅನಂತರ ಬೆಚ್ಚಿಬೀಳಿಸು ಎಂಬರ್ಥದ ‘ಚಿಂಗ್’ ಅದರ ಜಾಗಕ್ಕೆ ಬಂದಿತು. ಜಪಾನಿನ ಪಂಚಾಂಗ ಇಂದಿಗೂ ಹಳೆಯ ಅಕ್ಷರದಲ್ಲೇ ಆ ಪರ್ವವನ್ನು ಬರೆಯುತ್ತದೆ. ಒಂದು ಪದದ ಏಳಿಗೆಗೆ ರಾಜನಾಮ ನಿಷೇಧವೊಂದೇ ಕಾರಣವೆಂದು ಹೇಳಲಾಗದು. ಆಡುಮಾತು ಅರಮನೆಯ ಅಪ್ಪಣೆಯನ್ನು ಅಷ್ಟು ವಿಧೇಯವಾಗಿ ಪಾಲಿಸುವುದಿಲ್ಲ. ಲಿಖಿತ ಪರಂಪರೆಯಲ್ಲಿ ‘ಖಾಯ್’ ಪಡೆದ ವಿಸ್ತಾರಕ್ಕೆ ಮಾತ್ರ ಈ ಘಟನೆ ದೊಡ್ಡ ಒತ್ತಾಸೆಯಾಯಿತು.

ಅಕ್ಷರದ ಆಕೃತಿಯೂ ಗಮನಾರ್ಹ. ಕ್ರಿ.ಶ. 100ರಲ್ಲಿ ಷ್ಯು ಷನ್ ಪೂರೈಸಿದ ‘ಷುವೊವನ್’ ನಿಘಂಟು ‘ಖಾಯ್’ ಪದಕ್ಕೆ ಹಿಗ್ಗಿಸು, ಚಾಚು ಎಂಬ ಅರ್ಥ ನೀಡುತ್ತದೆ. ಅಕ್ಷರದ ಪ್ರಾಚೀನ ರೂಪದಲ್ಲಿ ಕಾಣುವುದು ಜೋಡಿ ಕದಗಳು, ನಡುವೆ ಅಗುಳಿ, ಕೆಳಗೆ ಅದನ್ನು ಸರಿಸುತ್ತಿರುವ ಎರಡು ಕೈಗಳು. 1956ರ ಲಿಪಿ ಸರಳೀಕರಣ ಯೋಜನೆಯಲ್ಲಿ ಆ ಕದಗಳನ್ನು ತೆಗೆದುಹಾಕಿ ಒಳಗಿನ ಭಾಗವನ್ನಷ್ಟೇ ಉಳಿಸಿಕೊಂಡರು. ‘ಕ್ವಾನ್’ ಅಕ್ಷರಕ್ಕೂ ಅದೇ ಗತಿಯಾಯಿತು. ಇಂದು ಬೀಜಿಂಗ್‌ನ ಶಾಲೆಯ ಮಗು ಬರೆಯುವ ‘ತೆರೆ’, ‘ಮುಚ್ಚು’ಗಳಲ್ಲಿ ಬಾಗಿಲೇ ಇಲ್ಲ, ತೈಪೆಯ ಮಗು ಬರೆಯುವ ಅಕ್ಷರಗಳಲ್ಲಿ ಇದೆ. ಇದರಿಂದ ಅರ್ಥಗ್ರಹಿಕೆ ಬದಲಾಗುತ್ತದೆಂದು ನಾವು ವಾದಿಸುವುದಿಲ್ಲ. ಅಕ್ಷರವನ್ನು ನೋಡಿ ಮೂಲಾರ್ಥವನ್ನು ನಿರ್ಧರಿಸುವವರು ಇಂಥ ವಿವರಗಳನ್ನು ನೆನಪಿಡಬೇಕು ಎಂದಷ್ಟೇ ನಮ್ಮ ಅಭಿಪ್ರಾಯ.

ಇನ್ನು ದೀಪದ ವಿಷಯ. ಎಣ್ಣೆ ದೀಪ ಮತ್ತು ಮೇಣದ ಬತ್ತಿಗಳಿಗೆ ಚೀನೀಯಲ್ಲಿ ಇದ್ದ, ಈಗಲೂ ಇರುವ ಕ್ರಿಯಾಪದ ‘ತ್ಯೆನ್’. ಚುಕ್ಕೆಯಿಡು, ತಾಗಿಸು ಎಂಬ ಅರ್ಥದಿಂದ ಕಿಡಿ ತಾಗಿಸು ಎಂಬ ಅರ್ಥಕ್ಕೆ ಅದು ಬಂದಿದೆ. ಬತ್ತಿಯ ದೀಪಕ್ಕೆ ತೆರೆಯಲು ಏನೂ ಇಲ್ಲ. ಶಾಂಘೈಯಲ್ಲಿ 1865ರಲ್ಲಿ ಅನಿಲದ ಬೀದಿದೀಪಗಳೂ 1882ರಲ್ಲಿ ವಿದ್ಯುತ್ ದೀಪಗಳೂ ಬಂದವು. ಅನಿಲದ ದೀಪಕ್ಕೆ ನಲ್ಲಿಯಿದೆ, ವಿದ್ಯುತ್ ದೀಪಕ್ಕೆ ಸ್ವಿಚ್ ಇದೆ. ಎರಡರಲ್ಲೂ ತಡೆಯನ್ನು ಸರಿಸಿ ಹರಿವನ್ನು ಬಿಡುವ ಕ್ರಿಯೆಯಿದೆ. ಸ್ವಿಚ್ಚಿಗೆ ಚೀನೀ ಕೊಟ್ಟ ಹೆಸರು ‘ಖಾಯ್‌ಕ್ವಾನ್’, ಅಂದರೆ ತೆರೆ-ಮುಚ್ಚು. ದೀಪದೊಡನೆ ‘ಖಾಯ್’ ಸೇರಿದ ‘ಖಾಯ್ ತಂಗ್’ ಎಂಬ ಪದಬಂಧದ ಇಂದಿನ ಅರ್ಥ ಈ ಉಪಕರಣಗಳ ಜೊತೆಗೇ ನೆಲೆಯೂರಿತೆಂದು ನಾವು ಊಹಿಸುತ್ತೇವೆ. ಆದರೆ ಉಪಕರಣವೊಂದರಿಂದಲೇ ಎಲ್ಲವನ್ನೂ ವಿವರಿಸಲು ಒಂದು ಅಡ್ಡಿಯಿದೆ. ಛಿಂಗ್ ಆಳ್ವಿಕೆಯ ಕೊನೆಯ ದಶಕಗಳಲ್ಲಿ ಅಫೀಮು ಸೇದುವ ಅಂಗಡಿಗಳ ಸಂದರ್ಭದಲ್ಲಿ ಇದೇ ‘ಖಾಯ್ ತಂಗ್’ ಬಳಕೆಯಾಗುತ್ತಿತ್ತು: ಗಿರಾಕಿಗೆ ಅಫೀಮಿನ ದೀಪವನ್ನು ಅಣಿಮಾಡಿ ಕೊಡುವುದು ಎಂಬ ಅರ್ಥದಲ್ಲಿ. ಆ ದೀಪ ಎಣ್ಣೆಯದು, ಅದಕ್ಕೆ ನಲ್ಲಿಯೂ ಇಲ್ಲ, ಸ್ವಿಚ್ಚೂ ಇಲ್ಲ. ಅಲ್ಲಿ ‘ಖಾಯ್’ ಬಂದಿರುವುದು ಅಂಗಡಿ ತೆರೆ, ಊಟ ಬಡಿಸಲು ಆರಂಭಿಸು ಎಂಬ ಸಾಲಿನಿಂದ. ಹೀಗೆ ‘ಶುರುಮಾಡು’ ಎಂಬ ಅರ್ಥದ ಹಾದಿಯೂ ‘ಹರಿಯಬಿಡು’ ಎಂಬ ಅರ್ಥದ ಹಾದಿಯೂ ದೀಪದ ಬಳಿ ಬಂದು ಕೂಡಿರಬೇಕು.

ಇಂಗ್ಲಿಷಿನ ‘ಟರ್ನ್ ಆನ್’ ಎಂಬ ನುಡಿಗಟ್ಟಿನ ಹುಟ್ಟೂ ನಲ್ಲಿಯಲ್ಲೇ ಇದೆ. ನೀರಿನ, ಅನಿಲದ ನಲ್ಲಿಯನ್ನು ತಿರುಗಿಸುವ ಮಾತು ವಿದ್ಯುತ್ತಿಗೆ ಬಂದಿತು. ಮೊದಲ ಸ್ವಿಚ್ಚುಗಳಲ್ಲಿ ತಿರುಗಿಸುವಂಥವೂ ಇದ್ದವು. ಈಗ ಯಾರೂ ಏನನ್ನೂ ತಿರುಗಿಸುವುದಿಲ್ಲ, ಒತ್ತುತ್ತಾರೆ. ಒಂದೇ ನಲ್ಲಿಯ ಮುಂದೆ ನಿಂತು ಚೀನೀ ಭಾಷಿಕ ಹರಿವನ್ನು ನೋಡಿದ, ಇಂಗ್ಲಿಷ್ ಭಾಷಿಕ ಕೈಯನ್ನು ನೋಡಿದ. ಎರಡರಲ್ಲಿ ಒಂದನ್ನು ತರ್ಕಬದ್ಧವೆಂದೂ ಇನ್ನೊಂದನ್ನು ನಗೆಪಾಟಲೆಂದೂ ಎಣಿಸಲು ಭಾಷಾವಿಜ್ಞಾನದಲ್ಲಿ ಆಧಾರವಿಲ್ಲ. ವಿದ್ಯುತ್ ಶಾಸ್ತ್ರದ ಪರಿಭಾಷೆ ಇನ್ನೂ ತಮಾಷೆಯದು. ದೀಪ ಉರಿಯಬೇಕಾದರೆ ವಿದ್ಯುನ್ಮಂಡಲ ಮುಚ್ಚಿರಬೇಕು. ತೆರೆದ ಮಂಡಲವೆಂದರೆ ಪ್ರವಾಹ ನಿಂತ ಮಂಡಲ. ಈ ಪರಿಭಾಷೆಯನ್ನು ಚೀನೀಯೂ ಎರವಲು ಪಡೆದು ತೆರೆದ ಮಂಡಲವನ್ನು ‘ಖಾಯ್ ಲು’ ಎಂದು ಕರೆಯುತ್ತದೆ. ಹೀಗಾಗಿ ದೀಪವನ್ನು ‘ಖಾಯ್’ ಮಾಡಿದಾಗ ಮಂಡಲ ‘ಖಾಯ್’ ಆಗಿರುವುದಿಲ್ಲ.

‘ಓಪನ್’ ಮತ್ತು ‘ಖಾಯ್’ ಪದಗಳಿಗೆ ಗಂಟು ಬಿದ್ದದ್ದು ಹೇಗೆಂಬುದು ಮುಂದಿನ ಪ್ರಶ್ನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಯಾಂಟನ್ ಬಂದರಿನ ವ್ಯಾಪಾರಿಗಳಿಗಾಗಿ ಕೆಲವೇ ಹಾಳೆಗಳ ಅಗ್ಗದ ಪದಪಟ್ಟಿಗಳು ಅಚ್ಚಾಗುತ್ತಿದ್ದವು. ಅವುಗಳಲ್ಲಿ ರೋಮನ್ ಅಕ್ಷರಗಳೇ ಇಲ್ಲ. ಒಂದು ಚೀನೀ ಪದ, ಅದರ ಕೆಳಗೆ ಇಂಗ್ಲಿಷ್ ಉಚ್ಚಾರವನ್ನು ಹೋಲುವ ಕ್ಯಾಂಟೊನೀಸ್ ಅಕ್ಷರಗಳು, ಇಷ್ಟೇ. ವಾಕ್ಯಗಳಿಲ್ಲ, ಪ್ರಯೋಗಗಳಿಲ್ಲ. ಅದರ ಜೊತೆಜೊತೆಗೇ ಗಂಭೀರ ಕೃತಿಗಳೂ ಬಂದವು. ರಾಬರ್ಟ್ ಮಾರಿಸನ್‌ನ ಮಹಾನಿಘಂಟು 1815ರಿಂದ 1823ರವರೆಗೆ ಮಕಾವುದಲ್ಲಿ ಅಚ್ಚಾಯಿತು; ಅದರ ಇಂಗ್ಲಿಷ್-ಚೀನೀ ಭಾಗದ ವರ್ಷ 1822. ಕ್ಯಾಂಟನ್ ಸೀಮೆಯ ಥಾಂಗ್ ಥಿಂಗ್‌ಷು 1862ರಲ್ಲಿ ಆರು ಸಂಪುಟಗಳ ಇಂಗ್ಲಿಷ್ ಪದಕೋಶವನ್ನು ಪ್ರಕಟಿಸಿದನು. ಬೀಜಿಂಗ್‌ನಲ್ಲಿ ಸರ್ಕಾರಿ ಭಾಷಾಶಾಲೆ ಪ್ರಾರಂಭವಾದದ್ದೂ ಅದೇ ವರ್ಷ.

ಈ ಪರಂಪರೆಯನ್ನು ತರಗತಿಯ ಕೋಣೆಗೆ ತಂದದ್ದು ಶಾಂಘೈಯ ಕಮರ್ಷಿಯಲ್ ಪ್ರೆಸ್. 1897ರಲ್ಲಿ ಸ್ಥಾಪನೆಯಾದ ಆ ಮುದ್ರಣಾಲಯಕ್ಕೆ ಮೊದಲ ದೊಡ್ಡ ಯಶಸ್ಸು ತಂದ ಪುಸ್ತಕ 1898ರ ‘ಹ್ವಾಯಿಂಗ್ ಛುಚ್ಯೆ’ ಎಂಬ ಇಂಗ್ಲಿಷ್ ಪ್ರವೇಶಿಕೆ. ನಮ್ಮ ಓದುಗರಿಗೆ ಆಸಕ್ತಿ ಹುಟ್ಟಿಸಬಹುದಾದ ಸಂಗತಿಯೆಂದರೆ, ಅದರ ಮೂಲಪಾಠ ಭಾರತದ ಶಾಲಾಮಕ್ಕಳಿಗಾಗಿ ಬ್ರಿಟಿಷರು ಸಿದ್ಧಪಡಿಸಿದ್ದ ವಾಚಿಕೆ. ಷ್ಯೆ ಹುಂಗ್‌ಲಾಯ್ ಅದಕ್ಕೆ ಚೀನೀ ಅರ್ಥ-ಟಿಪ್ಪಣಿ ಸೇರಿಸಿಕೊಟ್ಟನು. ಭಾರತದ ಮಗುವಿಗೆಂದು ಆರಿಸಿದ ಇಂಗ್ಲಿಷ್ ಪದದ ಎದುರು ಚೀನೀ ಅಕ್ಷರ ಬಂದು ಕೂತಿತು. ಪದಕ್ಕೆ ಪದ ಕೊಡುವ ಈ ಕ್ರಮ ಆರಂಭದ ಹಂತಕ್ಕೆ ಅನಿವಾರ್ಯವೇ ಹೌದು. ‘ಓಪನ್’ ಪದಕ್ಕೆ ‘ಖಾಯ್’ ಬಿಟ್ಟು ಬೇರೇನನ್ನು ಬರೆಯಲು ಸಾಧ್ಯ? ತೊಂದರೆ ಇರುವುದು ಸಮೀಕರಣದಲ್ಲಿ ಅಲ್ಲ, ಅದನ್ನು ಓದುವ ದಿಕ್ಕಿನಲ್ಲಿ. ಇಂಗ್ಲಿಷಿನಿಂದ ಚೀನೀಗೆ ಓದಿದರೆ ಸಮೀಕರಣ ಬಹುಮಟ್ಟಿಗೆ ನಿಲ್ಲುತ್ತದೆ. ಚೀನೀಯಿಂದ ಇಂಗ್ಲಿಷಿಗೆ ಹಿಂದಿರುಗುವಾಗ ಮುರಿದುಬೀಳುತ್ತದೆ.

ಹಾಗಾದರೆ ‘ಖಾಯ್’ ಪದದ ಎಲ್ಲ ಅರ್ಥಗಳೂ ‘ಓಪನ್’ ಒಳಗೆ ನುಗ್ಗಬೇಕಿತ್ತು. ಹಾಗಾಗಿಲ್ಲ. ನಮ್ಮ ಚರ್ಚೆಯ ತಿರುಳು ಇರುವುದು ಇಲ್ಲಿ. ಕುದಿಸಿದ ನೀರನ್ನು ‘ಓಪನ್ ವಾಟರ್’ ಎನ್ನುವುದನ್ನು ನಗೆಹನಿಗಳಲ್ಲಿ ನೋಡಬಹುದು. ಕೈಪಿಡಿಗಳು ಮತ್ತೆ ಮತ್ತೆ ತಿದ್ದುವುದು ಮಾತ್ರ ದೀಪ, ದೂರದರ್ಶನ, ಫ್ಯಾನು, ಕಂಪ್ಯೂಟರುಗಳ ವಾಕ್ಯಗಳನ್ನು. ಎರಿಕ್ ಕೆಲ್ಲರ್‌ಮನ್ 1970ರ ದಶಕದಲ್ಲಿ ಡಚ್ ಭಾಷಿಕರಿಗೆ ‘ಬ್ರೇಕನ್’ ಎಂಬ ಅವರ ಕ್ರಿಯಾಪದದ ಬೇರೆ ಬೇರೆ ಪ್ರಯೋಗಗಳನ್ನು ಕೊಟ್ಟು, ಇವುಗಳಲ್ಲಿ ಯಾವುವನ್ನು ಇಂಗ್ಲಿಷಿನ ‘ಬ್ರೇಕ್’ ಪದದಿಂದ ಅನುವಾದಿಸಬಹುದೆಂದು ಕೇಳಿದ್ದನು. ಕೇಂದ್ರಾರ್ಥವೆಂದು ಅನ್ನಿಸಿದವನ್ನು ಅವರು ಧೈರ್ಯವಾಗಿ ದಾಟಿಸಿದರು. ತಮ್ಮ ಭಾಷೆಗೇ ವಿಶಿಷ್ಟವೆಂದು ತೋರಿದವನ್ನು, ಇಂಗ್ಲಿಷಿನಲ್ಲೂ ಅವು ಸರಿಯಾಗಿದ್ದಾಗಲೂ, ತಡೆಹಿಡಿದರು. ಕಲಿಕಾರ್ಥಿ ಕಣ್ಣುಮುಚ್ಚಿ ಹೊರೆ ಸಾಗಿಸುವವನಲ್ಲ. ಆರಿಸುತ್ತಾನೆ ಎಂಬುದು ಆ ಸಂಶೋಧನೆಯ ಪಾಠ. ಲಾಡೊ 1957ರಲ್ಲಿ ಮಂಡಿಸಿದ ವ್ಯತಿರೇಕಿ ವಿಶ್ಲೇಷಣೆ ಈ ಆಯ್ಕೆಯನ್ನು ಮುಂಗಾಣಲಿಲ್ಲ.

ಕೆಲ್ಲರ್‌ಮನ್‌ನ ಒಳನೋಟಕ್ಕೆ ನಾವು ಒಂದನ್ನು ಸೇರಿಸಬಯಸುತ್ತೇವೆ. ‘ಖಾಯ್ ಷ್ವೆಯ್’ ಒಂದು ಸಿದ್ಧ ಸಮಾಸ. ಸಂತೋಷವನ್ನು ಹೇಳುವ ‘ಖಾಯ್‌ಷಿನ್’ ಸಹ ಅಂಥದ್ದೇ. ಇವುಗಳಿಗೆ ಇಂಗ್ಲಿಷಿನ ಬೇರೊಂದು ಪದವನ್ನು ಇಡಿಯಾಗಿ ಕಲಿಸಲಾಗುತ್ತದೆ. ಒಳಗಿನ ‘ಖಾಯ್’ ಕಲಿಕಾರ್ಥಿಯ ಕಣ್ಣಿಗೆ ಬೀಳುವುದೇ ಇಲ್ಲ. ವಾಹನ ನಡೆಸುವ ಅರ್ಥ ಸಮಾಸವಲ್ಲ, ಅಲ್ಲಿ ಕರ್ಮಪದ ಬದಲಾಗಬಲ್ಲದು. ಆದರೆ ‘ಡ್ರೈವ್’ ಎಂಬ ಏಕಪದ ಮೊದಲ ಪಾಠಗಳಲ್ಲೇ ಬಂದು ಆ ಜಾಗವನ್ನು ಹಿಡಿದುಕೊಳ್ಳುತ್ತದೆ. ಉಪಕರಣಗಳ ಸಂದರ್ಭ ಬೇರೆ. ಇಲ್ಲಿ ಕರ್ಮಪದದ ಸ್ಥಾನ ಸದಾ ತೆರೆದೇ ಇದೆ, ಹೊಸ ಉಪಕರಣ ಬಂದಂತೆಲ್ಲ ಹೊಸ ವಾಕ್ಯ ಹುಟ್ಟುತ್ತದೆ. ಇಂಗ್ಲಿಷಿನ ಕಡೆಯಿಂದ ಎದುರು ನಿಂತಿರುವುದು ‘ಟರ್ನ್ ಆನ್’ ಎಂಬ ಎರಡು ತುಂಡಿನ ಕ್ರಿಯಾಪದ. ಅಂಥ ರಚನೆಗಳು ಚೀನೀ ಭಾಷಿಕರಿಗೆ ತಡವಾಗಿ ಒಗ್ಗುತ್ತವೆ. ದೋಷ ಉಳಿಯುವುದು ಎರಡು ಭಾಷೆಗಳು ಭಿನ್ನವಾಗಿರುವ ಎಲ್ಲೆಡೆ ಅಲ್ಲ. ಚೀನೀಯ ಮಾದರಿ ಸೃಷ್ಟಿಶೀಲವಾಗಿದ್ದು ಇಂಗ್ಲಿಷಿನ ಪ್ರತಿಸ್ಪರ್ಧಿ ದುರ್ಬಲವಾಗಿರುವ ಕಡೆ.

ಮುಂದುವರಿದ ಕಲಿಕಾರ್ಥಿಗಳಲ್ಲೂ ಈ ನಂಟು ಕಡಿದುಹೋಗುವುದಿಲ್ಲ. ನಾನ್ ಚ್ಯಾಂಗ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಚೀನೀ ಪದದಿಂದ ಅನುವಾದಗೊಳ್ಳುವ ಇಂಗ್ಲಿಷ್ ಪದಜೋಡಿಗಳನ್ನು ಚೀನೀ ಭಾಷಿಕರು ಇತರ ಜೋಡಿಗಳಿಗಿಂತ ಹೆಚ್ಚು ಸಮೀಪವೆಂದು ಎಣಿಸಿದರು, ಬೇಗನೆ ತೀರ್ಮಾನಿಸಿದರು. ಇಂಗ್ಲಿಷ್ ಮಾತೃಭಾಷಿಕರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹೊಸ ಪದದ ರೂಪದೊಳಗೆ ಹಳೆಯ ಪದದ ಅರ್ಥ ಬಹುಕಾಲ ವಾಸವಾಗಿರುತ್ತದೆ ಎನ್ನುವುದಕ್ಕೆ ಇದು ಸಾಕ್ಷಿ.

ಆದರೂ ಎಲ್ಲವನ್ನೂ ಚೀನೀಯ ತಲೆಗೆ ಕಟ್ಟುವ ಮೊದಲು ಇಂಗ್ಲಿಷ್ ಮಕ್ಕಳ ಮಾತನ್ನು ಕೇಳಬೇಕು. ಮೆಲಿಸ್ಸಾ ಬವರ್‌ಮನ್ ಮತ್ತು ಇತರರು ದಾಖಲಿಸಿರುವಂತೆ, ಇಂಗ್ಲಿಷನ್ನೇ ಮೊದಲ ಭಾಷೆಯಾಗಿ ಕಲಿಯುವ ಪುಟ್ಟ ಮಕ್ಕಳು ಹಣ್ಣು ಸುಲಿಯುವುದಕ್ಕೆ, ದೀಪ ಹೊತ್ತಿಸುವುದಕ್ಕೆ ‘ಓಪನ್’ ಎನ್ನುತ್ತಾರೆ. ಚೀನೀಯ ಸೋಂಕೇ ಇಲ್ಲದೆ ಅವರು ‘ಖಾಯ್’ ಮೇರೆಯ ಹತ್ತಿರ ಬಂದು, ಅನಂತರ ಹಿಂದೆ ಸರಿಯುತ್ತಾರೆ. ಗ್ರೀಕ್, ಟಗಾಲೊಗ್ ಮತ್ತು ಮಲಯ ಭಾಷೆಗಳೂ ದೀಪವನ್ನು ‘ತೆರೆಯುತ್ತವೆ’. ಅಪವಾದವಾಗಿ ಕಾಣುವುದು ಚೀನೀಗಿಂತ ಹೆಚ್ಚಾಗಿ ಇಂಗ್ಲಿಷೇ.

ಕನ್ನಡ ಇನ್ನೊಂದು ತುದಿಯಲ್ಲಿದೆ. ನಾವು ‘ಬಾಗಿಲು ಹಾಕು’ ಎಂದಾಗ ಮುಚ್ಚುತ್ತೇವೆ, ‘ಲೈಟ್ ಹಾಕು’ ಎಂದಾಗ ಹೊತ್ತಿಸುತ್ತೇವೆ. ಚೀನೀಯಲ್ಲಿ ದೀಪ ಹೊತ್ತಿಸುವುದು ಬಾಗಿಲು ತೆರೆಯುವುದರ ಜೊತೆ ಸೇರಿದರೆ, ಕನ್ನಡದಲ್ಲಿ ಬಾಗಿಲು ಮುಚ್ಚುವುದರ ಜೊತೆ ಸೇರುತ್ತದೆ. ವಿದ್ಯುನ್ಮಂಡಲದ ಪರಿಭಾಷೆಗೆ ಒಪ್ಪುವುದು, ಆಕಸ್ಮಿಕವಾಗಿಯಾದರೂ, ಕನ್ನಡವೇ. ಎಣ್ಣೆಯ ದೀಪವನ್ನು ನಾವು ಹಚ್ಚುತ್ತೇವೆ, ಹಾಕುವುದಿಲ್ಲ. ಬೆಂಗಳೂರಿಗೆ 1905ರಲ್ಲಿ ವಿದ್ಯುತ್ ದೀಪ ಬರುವ ಮೊದಲು ಈ ಪ್ರಯೋಗಕ್ಕೆ ಊರಿನಲ್ಲಿ ಆಸ್ಪದವೇ ಇರಲಿಲ್ಲ. ಕನ್ನಡಿಗರ ಇಂಗ್ಲಿಷಿನ ‘ಪುಟ್ ದ ಫ್ಯಾನ್’ ಇಲ್ಲಿಂದ ಬಂದದ್ದು. ಅದೂ ‘ಓಪನ್ ದ ಲೈಟ್’ ವಾಕ್ಯದ ಸಮವಯಸ್ಕನೇ.

ಕೊನೆಯದಾಗಿ, ‘ಚೀನೀ ಭಾಷಿಕರು’ ಎಂಬ ಹಣೆಪಟ್ಟಿಯನ್ನೇ ಬಿಡಿಸಿ ನೋಡಬೇಕಾಗಿದೆ. ಕ್ಯಾಂಟೊನೀಸ್‌ನಲ್ಲಿ ದೀಪವನ್ನು ತೆರೆಯುತ್ತಾರೆ, ನಿಜ; ಆರಿಸುವಾಗ ನಂದಿಸು ಎಂಬರ್ಥದ ‘ಸಿಕ್’ ಬಳಸುತ್ತಾರೆ. ಕಾರನ್ನು ‘ಜಾ’ ಮಾಡುತ್ತಾರೆ, ಅಂದರೆ ಹಿಡಿಯುತ್ತಾರೆ. ಕುದಿಸಿದ ನೀರು ಅಲ್ಲಿ ‘ಉರುಳುವ ನೀರು’. ತೈವಾನಿನ ದಕ್ಷಿಣ ಮಿನ್ ಭಾಷೆಯಲ್ಲೂ ಕುದಿನೀರಿಗೆ ಅದೇ ಪದ. ವಿದ್ಯುತ್ ದೀಪಕ್ಕೆ ಮಾತ್ರ ಕಿಡಿ ತಾಗಿಸುವ ಹಳೆಯ ಕ್ರಿಯಾಪದ ‘ಟ್ಯಾಮ್’ ಮುಂದುವರಿದಿದೆ. ಇದು ಮ್ಯಾಂಡರಿನ್‌ನ ‘ತ್ಯೆನ್’ ಪದದ ಸೋದರ. ಮನೆಯಲ್ಲಿ ಮಿನ್ ಆಡುವ ಮಗು ತನ್ನ ಮಾತೃಭಾಷೆಯಿಂದಲೇ ಸಾಗಿಸುವುದಾದರೆ ದೀಪವನ್ನು ‘ಓಪನ್’ ಮಾಡಲು ಕಾರಣವಿಲ್ಲ. ಅದು ‘ಓಪನ್’ ಎಂದರೆ, ಪ್ರಭಾವ ಬಂದಿರುವುದು ತಾಯಿಯ ಮಾತಿನಿಂದಲ್ಲ, 1945ರ ಅನಂತರ ಶಾಲೆ ಕಲಿಸಿದ ಮ್ಯಾಂಡರಿನ್‌ನಿಂದ. ಇಂಗ್ಲಿಷ್ ಪಾಠದ ಟಿಪ್ಪಣಿಗಳು ಇರುವುದು ಆ ಭಾಷೆಯಲ್ಲಿ, ಪದಪಟ್ಟಿಯ ಬಲಬದಿಯಲ್ಲಿರುವುದು ಆ ಭಾಷೆಯ ಅಕ್ಷರ. ಕಲಿಕಾರ್ಥಿಗಳ ದತ್ತಾಂಶದಲ್ಲಿ ಮಾತೃಭಾಷೆಯ ಅಂಕಣಕ್ಕೆ ‘ಚೀನೀ’ ಎಂದಷ್ಟೇ ತುಂಬಿದರೆ ಈ ಎರಡನ್ನು ಬೇರ್ಪಡಿಸುವ ದಾರಿ ಮುಚ್ಚಿಹೋಗುತ್ತದೆ. ಮನೆಯ ಭಾಷೆಗೊಂದು, ಶಾಲೆಯ ಭಾಷೆಗೊಂದು ಅಂಕಣ ಬೇಕು.

ಸಿಂಗಪುರದಲ್ಲಿ ಪ್ರಶ್ನೆಯೇ ಬದಲಾಗುತ್ತದೆ. ಅಲ್ಲಿ ಮ್ಯಾಂಡರಿನ್, ಕ್ಯಾಂಟೊನೀಸ್ ಮತ್ತು ಮಲಯ ಒಟ್ಟಾಗಿ ದೀಪವನ್ನು ತೆರೆಯುತ್ತಿದ್ದುದರಿಂದ ‘ಓಪನ್ ದ ಲೈಟ್’ ಯಾವ ಒಂದು ಭಾಷೆಯ ಕೊಡುಗೆಯೆಂದು ಹೇಳಲಾಗದು. 2020ರ ಜನಗಣತಿಯಲ್ಲಿ ಐದು ವರ್ಷಕ್ಕೆ ಮೇಲ್ಪಟ್ಟ ನಿವಾಸಿಗಳ ಪೈಕಿ 48.3 ಶೇಕಡಾ ಜನರು ಮನೆಯಲ್ಲಿ ಅತಿ ಹೆಚ್ಚು ಆಡುವ ಭಾಷೆ ಇಂಗ್ಲಿಷ್ ಎಂದು ಹೇಳಿಕೊಂಡರು. ಅಂಥ ಮನೆಯಲ್ಲಿ ಬೆಳೆದವನು ಈ ವಾಕ್ಯವನ್ನು ಪಡೆದದ್ದು ತಂದೆತಾಯಿಯ ಇಂಗ್ಲಿಷಿನಿಂದ. ಸಾಗಿಸಿ ತರಲು ಅವನ ಬಳಿ ಬೇರೆ ಭಾಷೆ ಇಲ್ಲದಿರಬಹುದು. ಷೆನ್‌ಯಾಂಗ್‌ನ ವಿದ್ಯಾರ್ಥಿಯೂ ಸಿಂಗಪುರದ ವಿದ್ಯಾರ್ಥಿಯೂ ಉತ್ತರಪತ್ರಿಕೆಯಲ್ಲಿ ಇದೇ ಮೂರು ಪದಗಳನ್ನು ಬರೆದಾಗ, ಪರೀಕ್ಷಕರು ಒಂದೇ ಕೆಂಪು ಗೆರೆಯನ್ನು ಎಳೆಯುತ್ತಾರೆ. ಮೊದಲನೆಯವನದು ಅಂತರಭಾಷೆಯ ಒಂದು ಹಂತ, ಎರಡನೆಯವನದು ಅವನ ಮನೆಮಾತಿನ ವ್ಯಾಕರಣ.